ಮಳೆಗೆ ರಜೆ, ಆನೆಗೆ ಜ್ವರ

ತೀರ್ಥಹಳ್ಳಿ ಸೀಮೆಯ ಆಷಾಢದ ಮಳೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಹಿಡಿದರೆ ವಾರಗಟ್ಟಲೆ ಬಿಡದು. ಅಂಥದೊಂದು ಬೆಳಗ್ಗೆ. ಜಿಲ್ಲಾಡಳಿತ ಶಾಲೆಗೂ ಅಂಗನವಾಡಿಗೂ ರಜೆ ಸಾರಿದೆ. ಹಿಂದಿನ ರಾತ್ರಿಯೇ ಕರೆಂಟು ಹೋಗಿದೆ. ಯಾವ ತಿರುವಿನಲ್ಲಿ ಯಾವ ಮರ ತಂತಿಯ ಮೇಲೆ ಬಿದ್ದಿದೆಯೋ ಬಲ್ಲವರಿಲ್ಲ. ಆಸ್ಪತ್ರೆಗೆ ಮಾತ್ರ ಮಳೆ ರಜೆ ಇಲ್ಲವಾದ್ದರಿಂದ ಅಮ್ಮ ಕೊಡೆ ಬಿಚ್ಚಿಕೊಂಡು ಏಳೂವರೆಯ ಬಸ್ಸಿಗೆ ಹೊರಟುಹೋಗಿದ್ದಾಳೆ. ಆಕೆ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಕೆಲಸ ದೂರದ ಊರಿನಲ್ಲಿ. ಮನೆಯಲ್ಲಿ ಉಳಿದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಅಜ್ಜ, ಅಜ್ಜಿ, ಮೂರೂವರೆ ವರ್ಷದ ಪುಟ್ಟಿ, ಒಂಬತ್ತು ತಿಂಗಳ ಅವಳ ತಮ್ಮ.

ಒಂಬತ್ತು ಗಂಟೆಗೆಲ್ಲ ರಂಪ ಶುರುವಾಯಿತು. ದೋಸೆಯ ತಟ್ಟೆ ಮುಂದಿದೆ, ಪುಟ್ಟಿ ಬಾಯಿ ತೆರೆಯುತ್ತಿಲ್ಲ. ಮೊಬೈಲಿನಲ್ಲಿ ಕುಣಿಯುವ ಕರಡಿ ಕಾಣಿಸಿದರೆ ಮಾತ್ರ ಬಾಯಿ ತೆರೆದು ರೂಢಿ. ಅಜ್ಜಿಯ ಮೊಬೈಲು ರಾತ್ರಿಯೇ ಕಣ್ಣುಮುಚ್ಚಿದೆ. ಅಜ್ಜನದರಲ್ಲಿ ಉಳಿದಿರುವ ಒಂದಿಷ್ಟು ಚಾರ್ಜು ಆಸ್ಪತ್ರೆಯಿಂದ ಏನಾದರೂ ಕರೆ ಬಂದರೆ ಬೇಕು. “ಅಮ್ಮ ಯಾವಾಗ ಬರ್ತಾಳೆ?” ಎಂಬ ಪ್ರಶ್ನೆ ಹತ್ತು ನಿಮಿಷದಲ್ಲಿ ನಾಲ್ಕನೆಯ ಸಲ ಬಂತು. ಅಜ್ಜಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿ. ಸಂಜೆಯವರೆಗೆ ಈ ಮಗುವನ್ನು ಹೇಗೆ ಹಿಡಿದಿಡುವುದು?

ಇದು ಒಂದೇ ಮನೆಯ ಪಾಡಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ವರ್ಷ ತುಂಬದ ಕೂಸಿಗಂತೂ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಸರಿಯಾದ ಮಾತೇ. ಆದರೆ ‘ಬೇಡ’ ಎಂದವರು ಒಲೆಯ ಮೇಲೆ ಹಾಲಿಟ್ಟು, ಕಂಕುಳಲ್ಲಿ ಒಂದು ಕೂಸನ್ನು ಹೊತ್ತ ಅಜ್ಜಿಯ ಮುಂದೆ ನಿಂತು ‘ಹಾಗಾದರೆ ಏನು ಬೇಕು’ ಎಂಬುದನ್ನೂ ಹೇಳಬೇಕಷ್ಟೆ. ಮಕ್ಕಳ ಆಟದ ಬಗ್ಗೆ ಬರುವ ಬಹುಪಾಲು ಸಲಹೆಗಳು ಇಲ್ಲೇ ಸೋಲುತ್ತವೆ. ಬಣ್ಣದ ಕಾಗದ ತನ್ನಿ, ಅಂಟು ತನ್ನಿ, ಹೀಗೆ ಕತ್ತರಿಸಿ, ಹಾಗೆ ಮಡಿಸಿ. ಒಂದು ಗಂಟೆ ತಯಾರಿ, ಐದು ನಿಮಿಷ ಆಟ, ಆಮೇಲೆ ಅರ್ಧ ಗಂಟೆ ಕಸ ಗುಡಿಸುವುದು.

ನಿಜವಾಗಿ ಬೇಕಾದದ್ದು ಎರಡು ನಿಮಿಷದ ತಯಾರಿ. ಅದಕ್ಕಿಂತ ಹೆಚ್ಚಾಗಿ, ದೊಡ್ಡವರು ತಮ್ಮ ಕೈಯನ್ನು ತಾವೇ ಕಟ್ಟಿಕೊಂಡು ಕೂರುವ ತಾಳ್ಮೆ. ಮೊದಲನೆಯದು ಸುಲಭ. ಎರಡನೆಯದು ಅಜ್ಜನಂಥವರಿಗೆ ಬಲು ಕಷ್ಟ.

ಅಜ್ಜ ಮಾಡಿದ ಮೊದಲ ಕೆಲಸವೆಂದರೆ ಆಟದ ಸಾಮಾನಿನ ಬುಟ್ಟಿಯನ್ನು ತಂದು ನಡುಮನೆಯಲ್ಲಿ ಬೋರಲು ಹಾಕಿದ್ದು. ಮೂರು ಚಕ್ರದ ಕಾರು, ಕಣ್ಣು ಕಳೆದುಕೊಂಡ ಗೊಂಬೆ, ಪ್ಲಾಸ್ಟಿಕ್ ಅಡಿಗೆ ಸಾಮಾನು, ಜಾತ್ರೆಯಲ್ಲಿ ಕೊಂಡ ಪೀಪಿ, ಚನ್ನಪಟ್ಟಣದ ಮರದ ಆನೆ, ಇನ್ನೂ ಏನೇನೋ ಮೂವತ್ತು ನಲವತ್ತು. ಪುಟ್ಟಿ ಒಂದನ್ನು ಎತ್ತಿದಳು, ಬಿಟ್ಟಳು. ಇನ್ನೊಂದನ್ನು ಎತ್ತಿದಳು, ಎಸೆದಳು. ಐದು ನಿಮಿಷದಲ್ಲಿ ಮತ್ತೆ ರಾಗ. “ಇಷ್ಟೊಂದಿದ್ರೂ ಅಳ್ತಾಳಲ್ಲೇ ಇವ್ಳು!” ಎಂದು ಅಜ್ಜ ಅಜ್ಜಿಯತ್ತ ನೋಡಿದರು.

ಇಷ್ಟೊಂದಿರುವುದರಿಂದಲೇ ಅಳು. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು ಈ ವಿಷಯವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು ಆಡಿದವು, ಒಂದನ್ನೇ ಹಲವು ಬಗೆಯಲ್ಲಿ ಆಡಿದವು. ಮೂವತ್ತಾರು ಮಕ್ಕಳೆಂದರೆ ದೊಡ್ಡ ಸಂಖ್ಯೆಯಲ್ಲ ನಿಜ. ಆದರೆ ಮನೆಯಲ್ಲೇ ಪರೀಕ್ಷಿಸಲು ಯಾರ ಅನುಮತಿಯೂ ಬೇಕಿಲ್ಲ. ಅಜ್ಜಿಗೆ ಈ ಸಂಶೋಧನೆಯ ಸುದ್ದಿ ಗೊತ್ತಿರಲಿಲ್ಲ. ಆದರೂ ಆಕೆ ಆನೆ, ಕಾರು, ಚೆಂಡು, ಬಟ್ಟೆಯ ಗೊಂಬೆ ಇಷ್ಟನ್ನು ಉಳಿಸಿ ಮಿಕ್ಕಿದ್ದನ್ನು ಬುಟ್ಟಿ ಸಮೇತ ಅಟ್ಟಕ್ಕೇರಿಸಿದಳು. ಕಾರಣ ಬೇರೆ: ಗುಡಿಸುವವಳು ತಾನೇ ತಾನೆ! ಹದಿನೈದು ದಿನಕ್ಕೊಮ್ಮೆ ಅಟ್ಟದಿಂದ ನಾಲ್ಕನ್ನು ಇಳಿಸಿ ಕೆಳಗಿನ ನಾಲ್ಕನ್ನು ಮೇಲಕ್ಕೆ ಹಾಕಿದರೆ, ಖರ್ಚಿಲ್ಲದೆ ಹೊಸ ಆಟಿಕೆ ತಂದಂತೆಯೇ ಸರಿ.

ಮೊದಲ ಆಟ ಊಟದ ಮಣೆಯದು. ಮಣೆಯ ಒಂದು ತುದಿಯನ್ನು ಎರಡು ದಪ್ಪ ಪುಸ್ತಕದ ಮೇಲಿಟ್ಟರೆ ಇಳಿಜಾರು ಸಿದ್ಧ. ಚೆಂಡು ಬಿಟ್ಟರೆ ಓಡುತ್ತದೆ. ಆನೆಯನ್ನು ಬಿಟ್ಟರೆ ಜಾರುತ್ತದೆ, ಅಥವಾ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಪುಸ್ತಕ ಸೇರಿಸಿದರೆ ನಿಂತಿದ್ದ ಆನೆಯೂ ಜಾರೀತು. ಮಣೆಯ ಕೆಳಗೆ ಒಮ್ಮೆ ಬರಿಯ ಗಾರೆ ನೆಲ, ಒಮ್ಮೆ ಗೋಣಿತಾಟು, ಒಮ್ಮೆ ಕಂಬಳಿ ಇದ್ದರೆ ಕಾರು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ‘ಘರ್ಷಣೆ’ ಎಂದು ಬಾಯಿಪಾಠ ಮಾಡುವುದು ಇದನ್ನೇ. ಆದರೆ ಮೂರೂವರೆ ವರ್ಷದ ಮಗುವಿಗೆ ಆ ಶಬ್ದ ಹೇಳಿಕೊಡುವ ಅಗತ್ಯ ಎಳ್ಳಷ್ಟೂ ಇಲ್ಲ. ಕಂಬಳಿಯ ಮೇಲೆ ಕಾರು ‘ಸುಸ್ತಾಗುತ್ತದೆ’ ಎಂದಳು ಪುಟ್ಟಿ. ಇರಲಿ, ಸದ್ಯಕ್ಕೆ ಅಷ್ಟು ಸಾಕು.

ಅಜ್ಜ ಇಲ್ಲಿ ತಡೆಯಲಾರದೆ ಕೈಹಾಕಿದರು. “ಹಾಗಲ್ಲ ಪುಟ್ಟಿ, ಕಾರನ್ನ ನೆಟ್ಟಗೆ ಇಡು. ಹೀಗೆ, ನೋಡು.” ನೆಟ್ಟಗಿಟ್ಟ ಕಾರು ನೆಟ್ಟಗೆ ಹೋಯಿತು. ಪುಟ್ಟಿ ಎದ್ದು ಹೋದಳು. ಕಾರನ್ನು ಓರೆಯಾಗಿಟ್ಟರೆ ಮಣೆಯಂಚಿನಿಂದ ಧೊಪ್ಪನೆ ಬೀಳುತ್ತದೆಯೇ ಎಂದು ನೋಡುವುದೇ ಅವಳ ಪ್ರಯೋಗವಾಗಿತ್ತು. ಅದನ್ನು ಅಜ್ಜ ತಿದ್ದಿಬಿಟ್ಟರು! ಅಜ್ಜಿ ಒಳಗಿನಿಂದಲೇ, “ನೀವು ಸ್ವಲ್ಪ ಸುಮ್ನೆ ಕೂತ್ಕಳಿ ಮಾರಾಯ್ರೆ, ಆಡೋದು ಅದು” ಎಂದಳು.

ಸುಮ್ಮನೆ ಕುಳಿತ ಅಜ್ಜನ ಕೈಗೆ ಕಾಫಿ ಕುಡಿದ ಸ್ಟೀಲ್ ಲೋಟ ಸಿಕ್ಕಿತು. ಅಡ್ಡ ಮಲಗಿಸಿ ಒಮ್ಮೆ ತಳ್ಳಿದರು, ಅಷ್ಟೆ. ಮಾತಾಡಲಿಲ್ಲ. ಲೋಟ ನೇರ ಹೋಗದೆ ಸುತ್ತು ಹಾಕಿ ಅವರ ಕಾಲ ಬಳಿಗೇ ಬಂತು. ಪುಟ್ಟಿ ಓಡಿ ಬಂದಳು. ಮುಂದಿನ ಅರ್ಧ ಗಂಟೆ ಲೋಟದ ಮೆರವಣಿಗೆ. ಲೋಟದ ಬಾಯಿ ಅಗಲ, ತಳ ಕಿರಿದು. ಒಂದು ಸುತ್ತಿಗೆ ಬಾಯಿ ಹೆಚ್ಚು ದೂರ ಸಾಗುತ್ತದೆ, ತಳ ಕಡಿಮೆ. ಆದ್ದರಿಂದ ಅದು ತಿರುಗಲೇಬೇಕು. ರೈಲಿನ ಗಾಲಿಗಳ ಅಂಚನ್ನು ಹೀಗೆಯೇ ತುಸು ಶಂಕುವಿನಾಕಾರಕ್ಕೆ ಕಡೆದಿರುತ್ತಾರೆ. ಹಳಿ ತಿರುಗಿದಲ್ಲಿ ಗಾಲಿಯೂ ತಾನಾಗಿ ಹೊಂದಿಕೊಂಡು ತಿರುಗಲು ಅದು ನೆರವಾಗುತ್ತದೆ. ಸ್ಟೀಲ್ ಲೋಟವನ್ನು ಆಟಿಕೆ ಎನ್ನಲು ಅಂಗಡಿಯವರು ಒಪ್ಪಲಾರರು. ಪುಟ್ಟಿ ಒಪ್ಪಿದ್ದಳು.

ಉರುಳುವುದು, ನಿಲ್ಲುವುದು, ಇವೆರಡರ ವ್ಯತ್ಯಾಸದ ಮೇಲೆಯೇ ಶಿಶುಶಿಕ್ಷಣವನ್ನು ಕಟ್ಟಿದ ಪುಣ್ಯಾತ್ಮನೊಬ್ಬನಿದ್ದ. ಜರ್ಮನಿಯ ಫ್ರೊಬೆಲ್. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಆತ ತೆರೆದ ಮಕ್ಕಳ ಮನೆಯೇ ಮುಂದೆ ಕಿಂಡರ್‌ಗಾರ್ಟನ್ ಆಯಿತು. ಮಕ್ಕಳಿಗಾಗಿ ಅವನು ರೂಪಿಸಿದ ಆಟಿಕೆಗಳಿಗೆ ‘ಕೊಡುಗೆ’ ಎಂದು ಹೆಸರಿಟ್ಟಿದ್ದ. ಎರಡನೆಯ ಕೊಡುಗೆಯಲ್ಲಿದ್ದವು ಮರದ ಮೂರೇ ತುಂಡು: ಒಂದು ಗುಂಡು, ಒಂದು ಘನ, ಒಂದು ಉರುಳೆ. ಗುಂಡು ಉರುಳುತ್ತದೆ, ಘನ ನಿಲ್ಲುತ್ತದೆ, ಉರುಳೆ ಎರಡನ್ನೂ ಮಾಡುತ್ತದೆ. ಶ್ವೈನಾ ಎಂಬ ಊರಿನಲ್ಲಿರುವ ಅವನ ಸಮಾಧಿಯ ಮೇಲೂ ಈ ಮೂರು ಆಕಾರಗಳನ್ನೇ ಒಂದರ ಮೇಲೊಂದು ನಿಲ್ಲಿಸಿದ್ದಾರೆ.

ನಮ್ಮಲ್ಲಿ ಈ ಆಕಾರಗಳಿಗೆ ಜರ್ಮನಿಯತ್ತ ನೋಡಬೇಕಿಲ್ಲ. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಚರಕಿಗೆ ಕೊಟ್ಟು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಗರಿಯಿಂದ ತಿಕ್ಕಿದರೆ ಆ ಹೊಳಪು. ಚರಕಿಯಿಂದ ಇಳಿಯುವುದೆಲ್ಲ ಗುಂಡಗೇ ಇರುವುದರಿಂದ ಚನ್ನಪಟ್ಟಣದ ಆನೆ, ಕುದುರೆ, ರಾಜ, ರಾಣಿ ಎಲ್ಲರಿಗೂ ಸ್ವಲ್ಪ ಗುಂಡು ಮೈ. ಚೂಪಾದ ಮೂಲೆಯಿಲ್ಲ, ಕಳಚಿ ಬೀಳುವ ಸ್ಪ್ರಿಂಗಿಲ್ಲ. ಅರಿಸಿನ, ನೀಲಿಯಂಥ ಸಸ್ಯದ ಬಣ್ಣ ಹಾಕಿದ್ದನ್ನು ಕೇಳಿ ಕೊಂಡರೆ ಮಗು ಬಾಯಿಗಿಟ್ಟರೂ ಎದೆ ಧಸಕ್ಕೆನ್ನುವುದಿಲ್ಲ. ಆದರೆ ನೀರಿನಲ್ಲಿ ನೆನೆಹಾಕಬಾರದು, ಮರ ಉಬ್ಬಿ ಅರಗು ಬಿರಿಯುತ್ತದೆ.

ಇತ್ತ ಒಂಬತ್ತು ತಿಂಗಳ ತಮ್ಮನಿಗೂ ಪಾಲು ಬೇಕಲ್ಲ. ಅವನ ಮುಂದೆ ಚೆಂಡನ್ನಿಟ್ಟು ಅಜ್ಜಿ ತನ್ನ ಸೆರಗನ್ನು ಅದರ ಮೇಲೆ ಹಾಕಿದಳು. ಕೂಸು ಒಂದು ಕ್ಷಣ ಪೆಚ್ಚಾಗಿ, ಸೆರಗನ್ನು ಸೆಳೆದು, ಚೆಂಡು ಕಂಡೊಡನೆ ಕೇಕೆ ಹಾಕಿತು. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ತನ್ನ ಮೂರು ಮಕ್ಕಳೊಡನೆ ಇದೇ ಆಟ ಆಡಿ, ನೋಡಿ ಬರೆದಿಟ್ಟು ಜಗತ್ಪ್ರಸಿದ್ಧನಾದ. ಅವನ ಲೆಕ್ಕದಲ್ಲಿ ಸುಮಾರು ಎಂಟು ತಿಂಗಳವರೆಗೆ ಕೂಸು ಕಣ್ಣಿಗೆ ಕಾಣದ್ದನ್ನು ಹುಡುಕುವುದಿಲ್ಲ, ಆಮೇಲೆ ಹುಡುಕತೊಡಗುತ್ತದೆ. ಕಾಣದಿದ್ದರೂ ಇದೆ ಎಂಬ ತಿಳಿವು ಅದು. ಬಸ್ಸು ಹತ್ತಿ ಕಣ್ಮರೆಯಾದ ಅಮ್ಮನ ವಿಷಯದಲ್ಲೂ ಕೂಸಿಗೆ ಬೇಕಾದ ತಿಳಿವು ಇದೇ.

ಇಷ್ಟು ಚಿಕ್ಕ ಕೂಸು ಮನೆಯಲ್ಲಿ ಹರಿದಾಡುವಾಗ ಒಂದು ಅಳತೆಯನ್ನು ಮರೆಯಬಾರದು. ಆಟಿಕೆಗಳನ್ನು ಪರೀಕ್ಷಿಸುವವರು 31.7 ಮಿಲಿಮೀಟರ್ ಅಡ್ಡಳತೆಯ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೂ ಇಳಿದು ಸಿಕ್ಕಿಕೊಳ್ಳಬಹುದು. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್, ಎಂದರೆ ಆ ಕೊಳವೆ ನಾಣ್ಯಕ್ಕಿಂತ ತುಸುವೇ ದೊಡ್ಡದು. ಹುಣಸೆಬೀಜ, ಕವಡೆ, ಗೋಲಿ, ಕಡಲೆಬೀಜ ಎಲ್ಲವೂ ಅದರೊಳಗೆ ಬೀಳುವಂಥವು. ಅಕ್ಕನ ಚೌಕಾಬಾರ ಮುಗಿದ ಮೇಲೆ ಕವಡೆ ಎಣಿಸಿ ಡಬ್ಬಿಗೆ ಹಾಕುವುದೂ ಆಟದ ಭಾಗವೇ ಆಗಲಿ. ಎಲ್ಲಕ್ಕಿಂತ ಕೆಟ್ಟದ್ದು ಹಾಡುವ, ಮಿನುಗುವ ಆಟಿಕೆಗಳಲ್ಲಿರುವ ಗುಂಡಿಯಂಥ ಬ್ಯಾಟರಿ. ನುಂಗಿದ ಮಗುವಿನ ಅನ್ನನಾಳವನ್ನು ಅದು ಎರಡೇ ಗಂಟೆಯಲ್ಲಿ ಸುಟ್ಟೀತು. ನುಂಗಿದ ಅನುಮಾನ ಬಂದರೂ ಸಾಕು, ಮನೆಮದ್ದು ನೋಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯ್ತಿ. ಜಾತ್ರೆಯಲ್ಲಿ ಮುದ್ರೆ ಹುಡುಕುವವರು ಎಷ್ಟು ಜನರೋ! ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದಾದರೂ ನೋಡಿ.

ಅಡಿಗೆಯ ಹೊತ್ತಿಗೆ ಅಜ್ಜಿ ಪುಟ್ಟಿಯನ್ನು ಒಳಗೇ ಕೂರಿಸಿಕೊಂಡಳು. ಅಗಲವಾದ ಹರಿವಾಣದಲ್ಲಿ ಎರಡು ಹಿಡಿ ಅಕ್ಕಿ, ಹಳೆಯ ಪಾವು, ಒಂದು ಉದ್ದ ಲೋಟ, ಒಂದು ಅಗಲ ಬಟ್ಟಲು. ಇಷ್ಟೇ ಸಾಮಾನು. ಬಟ್ಟೆಗೊಂಬೆಗೆ ಬಡಿಸುವ ನೆಪದಲ್ಲಿ ಸುರಿಯುವುದು, ತುಂಬುವುದು, ಚೆಲ್ಲುವುದು. ಅಜ್ಜ ಬಾಗಿಲಲ್ಲಿ ನಿಂತು ಲೋಟದ ಅಕ್ಕಿಯನ್ನು ಬಟ್ಟಲಿಗೆ ಸುರಿದು “ಈಗ ಯಾವುದರಲ್ಲಿ ಜಾಸ್ತಿ?” ಎಂದರು. “ಲೋಟದಲ್ಲಿದ್ದಾಗ ಜಾಸ್ತಿ ಇತ್ತು.” “ಅದೇ ಅಕ್ಕಿ ಅಲ್ವೇನೇ?” “ಹೌದು. ಈಗ ಕಮ್ಮಿ ಆಯ್ತು.” ಅಜ್ಜ ಮೂರು ಸಲ ವಿವರಿಸಿದರು. ಮೂರು ಸಲವೂ ಅದೇ ಉತ್ತರ. ಮಗು ದಡ್ಡಿ ಎಂದು ಕಳವಳಪಡಬೇಕಾಗಿಲ್ಲ. ಇದೂ ಪಿಯಾಜೆ ಕಂಡದ್ದೇ: ಆರೇಳು ವರ್ಷದವರೆಗೆ ಹೆಚ್ಚಿನ ಮಕ್ಕಳು ಎತ್ತರವನ್ನೇ ನೋಡಿ ಪ್ರಮಾಣ ಹೇಳುತ್ತಾರೆ. ವಿವರಣೆಯಿಂದ ಇದು ಬರುವುದಿಲ್ಲ. ನೂರಾರು ಸಲ ಸುರಿದು, ತುಂಬಿ, ಚೆಲ್ಲಿದ ಮೇಲೆ ಒಂದು ದಿನ ತಾನಾಗಿ ಬರುತ್ತದೆ. ಆ ನೂರಾರು ಸಲವನ್ನು ಯಾವ ಪರದೆಯೂ ಮಗುವಿನ ಪರವಾಗಿ ಮಾಡಿಕೊಡಲಾರದು.

ಅಂದಹಾಗೆ ಬೆಳಿಗ್ಗೆ ಬಾಯಿ ತೆರೆಯದ ಪುಟ್ಟಿ, ಗೊಂಬೆಗೆ ಒಂದು ತುತ್ತು ತನಗೊಂದು ತುತ್ತು ಎಂಬ ಒಪ್ಪಂದದ ಮೇಲೆ ಊಟ ಮುಗಿಸಿದಳು. ಗೊಂಬೆಯ ಪಾಲನ್ನೂ ಅವಳೇ ಉಂಡಳು.

ಮಧ್ಯಾಹ್ನ ತಮ್ಮ ಮಲಗಿದ ಮೇಲೆ ಅಜ್ಜ ಪೆಟ್ಟಿಗೆಯಿಂದ ಬೆರಳಲ್ಲಿ ತಿರುಗಿಸುವ ಬುಗುರಿ ತೆಗೆದರು. ಚಿಕ್ಕ ವಸ್ತುವಾದ್ದರಿಂದ ಕೂಸು ಎಚ್ಚರವಿದ್ದಾಗ ಇದು ಹೊರಬರುವುದಿಲ್ಲ. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಚಿ ಬಿಡುವುದು ಮೂರೂವರೆ ವರ್ಷದವಳಿಗೆ ಮೊದಲು ಬರಲಿಲ್ಲ. ಹದಿನೈದು ಸಲ ಬಿತ್ತು. ಹದಿನಾರನೆಯ ಸಲ ತಟ್ಟೆಯಲ್ಲಿ ‘ಗುಂಯ್’ ಎಂದಿತು. ಮುಂದೆ ಪೆನ್ಸಿಲು ಹಿಡಿಯಬೇಕಾದದ್ದೂ ಇದೇ ಬೆರಳುಗಳು. ಬುಗುರಿಗಳಲ್ಲಿ ಒಂದು ವಿಚಿತ್ರ ಜಾತಿಯಿದೆ. ಗುಂಡುತಳದ ಅದು ತಿರುಗುತ್ತ ತಿರುಗುತ್ತ ತಲೆಕೆಳಗಾಗಿ ಹಿಡಿಯ ಮೇಲೆಯೇ ನಿಂತು ತಿರುಗುತ್ತದೆ. ಇದಕ್ಕೂ ತಳದ ಘರ್ಷಣೆಯೇ ಕಾರಣ. 1950ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದರಲ್ಲಿ ನೊಬೆಲ್ ಪಡೆದ ನೀಲ್ಸ್ ಬೋರ್ ಮತ್ತು ವೋಲ್ಫ್‌ಗಾಂಗ್ ಪೌಲಿ ಇಬ್ಬರೂ ಸೂಟು ಬೂಟಿನಲ್ಲೇ ನೆಲಕ್ಕೆ ಬಗ್ಗಿ ಇಂಥ ಬುಗುರಿಯನ್ನು ನೋಡುತ್ತಿದ್ದಾರೆ. ಪುಟ್ಟಿಯೂ ಅಜ್ಜನೂ ತಟ್ಟೆಯ ಮೇಲೆ ಬಗ್ಗಿದ್ದ ಭಂಗಿ ಅದಕ್ಕಿಂತ ಬೇರೆಯಾಗಿರಲಿಲ್ಲ.

ಇನ್ನು ಕೆಲವು ಆಟಗಳನ್ನು ಹೆಸರಿಸಿದರೆ ಸಾಕು. ಬಟ್ಟೆಚೀಲದೊಳಗೆ ನಾಲ್ಕು ಆಟಿಕೆ ಹಾಕಿ, ನೋಡದೆ ಕೈಯಿಂದ ಮುಟ್ಟಿ ಯಾವುದೆಂದು ಹೇಳುವುದು. ಮೂರು ಬಟ್ಟಲು ಬೋರಲು ಹಾಕಿ ಒಂದರಡಿ ಚೆಂಡು ಬಚ್ಚಿಡುವುದು. ಅಗಲ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಹಾಕಿ ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ನೋಡುವುದು; ಸ್ಟೀಲ್ ಚಮಚ ಮುಳುಗಿ ಸ್ಟೀಲ್ ಬಟ್ಟಲು ತೇಲಿದಾಗ ದೊಡ್ಡವರೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ನೀರಾಟಕ್ಕೆ ಮಾತ್ರ ದೊಡ್ಡವರು ಪಕ್ಕದಲ್ಲೇ ಇರಬೇಕು. ಬಾಗಿಲು ತೆರೆದು ಬರುತ್ತೇನೆಂದು ಎದ್ದು ಹೋಗುವ ಹಾಗಿಲ್ಲ. ನಾಲ್ಕು ಬೆರಳು ನೀರು ಎಳೆಗೂಸಿನ ಉಸಿರು ಕಟ್ಟಿಸಲು ಸಾಕು.

ಐದು ಗಂಟೆಗೇ ಕತ್ತಲಾಯಿತು. ಐದೂವರೆಯ ಬಸ್ಸು ಬರಲಿಲ್ಲ. ಅಜ್ಜ ಟಾರ್ಚ್ ಹಚ್ಚಿ ನೆಲದ ಮೇಲಿಟ್ಟರು. ಮಕ್ಕಳಿರುವಲ್ಲಿ ಮೇಣದಬತ್ತಿ ಬೇಡ. ಆನೆಯ ನೆರಳು ಗೋಡೆಯ ಮೇಲೆ ಬಿತ್ತು. ಟಾರ್ಚಿನ ಹತ್ತಿರ ತಂದಂತೆ ಆನೆ ಬೆಳೆಯಿತು, ದೂರ ಒಯ್ದಂತೆ ಕುಗ್ಗಿತು. ಪುಟ್ಟಿ ಸ್ವಲ್ಪ ಹೊತ್ತು ನಕ್ಕಳು. ಆಮೇಲೆ “ಅಮ್ಮ ಬರ್ಲಿಲ್ಲ” ಎಂದಳು. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. ಅಜ್ಜ “ಬರ್ತಾಳೆ ಬಿಡು” ಎಂದು ಹೇಳಹೊರಟು ಸುಮ್ಮನಾದರು. ಬೆಳಗಿನಿಂದ ಅಷ್ಟು ಕಲಿತಿದ್ದರು.

ಪುಟ್ಟಿ ಆನೆಯನ್ನು ಎತ್ತಿ ಅದರ ಹಣೆ ಮುಟ್ಟಿ ನೋಡಿದಳು. “ಆನೆಗೆ ಜ್ವರ” ಎಂದಳು. ಎರಡು ಕುರ್ಚಿಯ ಮೇಲೆ ಅಜ್ಜಿಯ ಹಳೆಯ ಸೀರೆ ಹೊದಿಸಿ ಆಸ್ಪತ್ರೆಯಾಯಿತು. ಬಟ್ಟೆಗೊಂಬೆ ನರ್ಸು. ಕಾರು ಬಸ್ಸಾಗಿ, ಮಣೆಯ ಮೇಲಿಂದ ಇಳಿದು ಬಂತು. ಮಣೆಯಡಿ ಪೆನ್ಸಿಲೊಂದು ಮರವಾಗಿ ರಸ್ತೆಗೆ ಅಡ್ಡ ಬಿದ್ದಿತು. ಬಸ್ಸು ನಿಂತಿತು. “ಮರ ತೆಗೀಬೇಕು, ಆಮೇಲೆ ಬಸ್ ಬರ್ತದೆ” ಎಂದು ಪುಟ್ಟಿ ತನಗೆ ತಾನೇ ಹೇಳಿಕೊಂಡು ಪೆನ್ಸಿಲನ್ನು ಬದಿಗೆ ಸರಿಸಿದಳು. ಮತ್ತೆ ಇಟ್ಟಳು. ಮತ್ತೆ ಸರಿಸಿದಳು. ಏಳೆಂಟು ಸಲ ಹಾಗೆ ಮಾಡಿರಬೇಕು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಗೊಂಬೆ ಪ್ರತಿ ಸಲವೂ ಬಸ್ಸಿಳಿದು ಮನೆಗೆ ಬಂತು.

ಅಜ್ಜ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಚೀಟಿ ಮಾಡಿಕೊಟ್ಟರು. ಕೇಳಿದ್ದರಿಂದ ಕೊಟ್ಟರು.

ಏಳು ಗಂಟೆ ದಾಟಿದ ಮೇಲೆ ಅಂಗಳದಲ್ಲಿ ಕೊಡೆ ಮಡಿಸಿದ ಸದ್ದಾಯಿತು. ಸೊಂಟದವರೆಗೆ ನೆನೆದ ಅಮ್ಮ ಒಳಗೆ ಕಾಲಿಡುತ್ತಿದ್ದಂತೆ ಪುಟ್ಟಿ ಓಡಿ ಹೋಗಿ ತಬ್ಬಿಕೊಳ್ಳುವಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಸೀರೆಯ ಗುಡಾರದಿಂದ ತಲೆಯಷ್ಟನ್ನೇ ಹೊರಹಾಕಿ ತುಟಿಯ ಮೇಲೆ ಬೆರಳಿಟ್ಟಳು. “ಶ್! ಆನೆ ಈಗ ಮಲಗಿದೆ. ಚೀಟಿ ಮಾಡ್ಸಿದ್ರಾ?”

ಅಮ್ಮ ಚೀಲ ಕೆಳಗಿಟ್ಟು, ಒದ್ದೆ ಸೆರಗು ಹಿಂಡಿಕೊಂಡು, ಚೆಂಡಿನ ಹಿಂದೆ ಸರದಿಯಲ್ಲಿ ಕುಳಿತಳು.